ಚಿಕ್ಕಜಾಲದ ಕಾಂಪೌಂಡರ ಜೀಪು

ಸ್ಟೆತಾಸ್ಕೋಪನ್ನು ಮನುಷ್ಯರ ಎದೆಗೆ ಇಡುವ ಅಧಿಕಾರ ಕಾಂಪೌಂಡರಿಗೆ ಇರಲಿಲ್ಲ. ಅದು ಡಾಕ್ಟರ ಸ್ವತ್ತು. ಡಾಕ್ಟರು ವಾರಕ್ಕೆ ಎರಡು ಸಲ ಬಂದು ಹೋಗುವವರು. ಉಳಿದ ದಿನಗಳಲ್ಲಿ ಚಿಕ್ಕಜಾಲದ ಆ ಎರಡು ಕೋಣೆಯ ಆಸ್ಪತ್ರೆಗೆ ಇವರೇ ದಿಕ್ಕು. ಗಾಯ ತೊಳೆಯುವುದು, ಸೂಜಿ ಹಾಕುವುದು, ಕೆಂಪು ನೀರು ಬಿಳಿ ನೀರು ಬೆರೆಸಿ ಸೀಸೆಗೆ ತುಂಬುವುದು ಎಲ್ಲವೂ ಇವರದೇ. ಸ್ಟೆತಾಸ್ಕೋಪು ಮಾತ್ರ ಮೊಳೆಯ ಮೇಲೇ ಇರಬೇಕು. ಡಾಕ್ಟರು ಹಳತಾಯಿತೆಂದು ಎಸೆದ ಒಂದನ್ನು ಇವರು ಮನೆಗೆ ತಂದು, ರಬ್ಬರು ಕೊಳವೆ ಬದಲಾಯಿಸಿ, ತಮ್ಮ ಜೀಪಿನ ಎಂಜಿನ್ನಿಗೆ ಇಟ್ಟು ಕೇಳುತ್ತಿದ್ದರು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದುಕೊಂಡು, ಒಂದೊಂದೇ ಸಿಲಿಂಡರಿನ ಮೇಲೆ. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ಅವರು ಕಣ್ಣು ತೆರೆಯದೆಯೇ, "ನಗಬೇಡಿ ಟೀಚರಮ್ಮ, ಮೂರನೇದಕ್ಕೆ ಕೆಮ್ಮು ಐತೆ" ಅಂದರು.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಅವರ ವಿಷಯ ಯಾರೂ ಬರೆಯುವುದಿಲ್ಲ. ಬರೆಯುವಂಥದ್ದೇನನ್ನೂ ಅವರು ಮಾಡಲಿಲ್ಲ. ಮಾಡಬೇಕೆಂದು ಹೊರಟ ಒಂದೇ ಒಂದು ಕೆಲಸ ಕೈಗೂಡಲಿಲ್ಲ. ಅದು ಹಾಳಾದದ್ದರಲ್ಲಿ ನನ್ನ ಪಾಲೂ ಇದೆ, ಆದ್ದರಿಂದ ನಾನೇ ಬರೆಯಬೇಕಾಗಿದೆ. ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಕಾಂಪೌಂಡರು, ಹೆಂಡತಿಗೆ 'ಈವಯ್ಯ', ನನಗೂ ಕಾಂಪೌಂಡರೇ.

ನಾನು ಗುಬ್ಬಿ ಕಡೆಯವಳು. ಐವತ್ತರ ದಶಕದ ನಡುವೆ ಚಿಕ್ಕಜಾಲದ ಪ್ರೈಮರಿ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡಲು ಊರು ಹಿಂದೆಮುಂದೆ ನೋಡುತ್ತಿದ್ದಾಗ ಕಾಂಪೌಂಡರು ತಮ್ಮ ಮನೆಗೆ ಅಂಟಿಕೊಂಡಿದ್ದ ಕೋಣೆಯನ್ನು ಬಿಟ್ಟುಕೊಟ್ಟರು. ಬಾಡಿಗೆಯ ಮಾತೆತ್ತಿದರೆ ಕೈ ಅಡ್ಡ ಆಡಿಸಿದರು. "ನಮ್ ಲಲಿತಂಗೆ ದಿನಾ ಒಂದ್ ಗಂಟೆ ಪಾಠ ಹೇಳ್ಕೊಡಿ, ಸಾಕು. ಅವಳು ಸ್ಕೂಲಿಗೆ ಬರಂಗಿಲ್ಲ."

ಲಲಿತ ಅವರ ಒಬ್ಬಳೇ ಮಗಳು. ಆಗ ಏಳು ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎರಡು ಕಾಲೂ ಬಿದ್ದುಹೋಗಿದ್ದವು. ಕೂರುವಳು, ನಿಲ್ಲಲಾರಳು. ಕೈ ಮಾತ್ರ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಬೆಳಿಗ್ಗೆ ಅವಳನ್ನು ಎತ್ತಿ ತಂದು ಜಗುಲಿಯಲ್ಲಿ ಕೂರಿಸುವವರು ಅಪ್ಪ, ಸಂಜೆ ಒಳಗೆ ಒಯ್ಯುವವರೂ ಅಪ್ಪ. ನಾನು ಬಂದ ಹೊಸದರಲ್ಲಿ, ಯಾರೂ ಕೇಳದೆಯೇ, ಅವರು ನನಗೆ ಹೇಳಿದರು: "ಆ ಜ್ವರದಾಗೆ ಸೂಜಿ ಹಾಕಿದ್ದು ನಾನೇ ಟೀಚರಮ್ಮ. ಮನೇಲೇ, ಇದೇ ತೊಡೆಗೆ. ಅಂಥ ಜ್ವರದಾಗೆ ಸೂಜಿ ಹಾಕಬಾರದು ಅಂತ ಪಟ್ಣದ ಡಾಕ್ಟ್ರು ಆಮೇಲೆ ಹೇಳಿದ್ರು. ನಂಗೆ ಗೊತ್ತಿರ್ಲಿಲ್ಲ." ಇಷ್ಟು ಹೇಳಿ ಎದ್ದು ಹೋದರು. ಮತ್ತೆಂದೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೆಂಗಳೂರಿನ ಮೂಳೆ ಡಾಕ್ಟರೊಬ್ಬರು ಒಂದು ದಾರಿ ಹೇಳಿದ್ದರು. ವಾರಕ್ಕೆ ಎರಡು ಸಲ ದೊಡ್ಡಾಸ್ಪತ್ರೆಗೆ ತಂದು ಕಾಲಿಗೆ ಕರೆಂಟು ಕೊಡಿಸಬೇಕು, ಮಾಲೀಸು ಮಾಡಿಸಬೇಕು. ಒಂದು ವಾರವೂ ತಪ್ಪಿಸದೆ ಹಾಗೆ ಕಾಲು ಸೆಟೆದುಕೊಳ್ಳದಂತೆ ನೋಡಿಕೊಂಡರೆ, ಅವಳಿಗೆ ಒಂಬತ್ತು ಹತ್ತು ವರ್ಷವಾದಾಗ ಆಪರೇಷನ್ ಮಾಡಿ, ಕಬ್ಬಿಣದ ಕಟ್ಟು ಹಾಕಿ, ಹುಡುಗಿಯನ್ನು ನಡೆಸಬಹುದು. ನಡೆಸಬಹುದು ಅಂದರು, ನಡೆಸುತ್ತೇವೆ ಅನ್ನಲಿಲ್ಲ. ಕಾಂಪೌಂಡರಿಗೆ ಅಷ್ಟೇ ಸಾಕಾಯಿತು. ಮೊದಮೊದಲು ಬಸ್ಸಿನಲ್ಲಿ ಹೊತ್ತುಕೊಂಡು ಹೋದರು. ಬಸ್ಸು ದೇವನಹಳ್ಳಿಯಿಂದಲೇ ಕಿಕ್ಕಿರಿದು ಬರುತ್ತಿತ್ತು. ಕೆಲವು ದಿನ ನಿಲ್ಲುತ್ತಲೂ ಇರಲಿಲ್ಲ. ರೈಲು ಹಿಡಿದರೆ ಮಾಲೀಸಿನ ಹೊತ್ತು ಮೀರುತ್ತಿತ್ತು. ಕೊನೆಗೆ ಅವರು ಜಾಲಹಳ್ಳಿಯಲ್ಲಿ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಯುದ್ಧಕಾಲದ ಜೀಪೊಂದನ್ನು ಹಿಡಿದು, ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ತಂದರು. ಮುಂದಿನ ಸೀಟು ಕಿತ್ತು, ಬೆತ್ತದ ಕುರ್ಚಿಯೊಂದರ ಕಾಲು ಕುಯ್ದು ಅಲ್ಲಿ ಬಿಗಿದು, ಸೊಂಟಕ್ಕೆ ಪಟ್ಟಿ ಹಾಕಿದರು. ಆ ಜೀಪಿನಲ್ಲಿ ಮದುವೆ ದಿಬ್ಬಣ ಹೋಗಲಿಲ್ಲ, ಪಟೇಲರು ಹೋಗಲಿಲ್ಲ, ಹೆಂಡತಿ ತವರಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಇದು ಲಲಿತನ ಗಾಡಿ."

ಎಂಜಿನ್ನಿನ ವಿದ್ಯೆ ಅವರಿಗೆ ಯಾರೂ ಕಲಿಸಲಿಲ್ಲ. ಜೀಪಿನ ಜೊತೆ ಬಂದಿದ್ದ, ಅರ್ಧ ಗೆದ್ದಲು ತಿಂದ ಇಂಗ್ಲಿಷ್ ಪುಸ್ತಕವೊಂದಿತ್ತು. ಗೆದ್ದಲು ತಿಂದ ಭಾಗವನ್ನು ಅವರು ಕಾಂಪೌಂಡರ ಬುದ್ಧಿಯಿಂದ ತುಂಬಿಕೊಂಡರು. ಭಾನುವಾರ ಹೊಂಗೆಮರದ ಕೆಳಗೆ ಬಿಳಿ ಬಟ್ಟೆ ಹಾಸುವರು. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹತ್ತಿಯಿಂದ ಒರೆಸಿ, ಆಸ್ಪತ್ರೆಯ ತಟ್ಟೆಯಲ್ಲಿ ಚಾಕು ಕತ್ತರಿ ಜೋಡಿಸುವ ಹಾಗೆ ಸಾಲಾಗಿ ಇಡುವರು. ನಟ್ಟು ಬೋಲ್ಟುಗಳಿಗೆ ಮಾತ್ರೆಯ ಡಬ್ಬಿ. ಔಷಧದ ಸೀಸೆಗೆ ಅಂಟಿಸುವ ಕಚ್ಚು ಕಚ್ಚಿನ ಕಾಗದದ ಪಟ್ಟಿ ನಿಮಗೆ ನೆನಪಿರಬಹುದು, ಒಂದು ಕಚ್ಚೆಂದರೆ ಒಂದು ವೇಳೆಯ ಔಷಧ. ಅಂಥ ಪಟ್ಟಿಯನ್ನು ಎಂಜಿನ್ ಆಯಿಲಿನ ಸೀಸೆಗೂ ಅಂಟಿಸಿದ್ದರು. ಕಿಡಿ ಹಾರುವ ಪಾಯಿಂಟುಗಳ ನಡುವಿನ ಸಂದು ಎಷ್ಟಿರಬೇಕೆಂಬುದಕ್ಕೆ ಪೋಸ್ಟ್ ಕಾರ್ಡನ್ನು ಎರಡು ಮಡಿಸಿ ತೂರಿಸಿ ನೋಡುವರು. ನಮ್ಮ ಅಣ್ಣ ನನಗೆ ಬರೆದ ಕಾರ್ಡುಗಳೆಲ್ಲ ಹಾಗೆ ಎಣ್ಣೆಯಾದವು.

ಅವರ ಹೆಂಡತಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಇದನ್ನೆಲ್ಲ ನೋಡಿ, "ಒಗ್ಗರಣೆ ಸೌಟು ಹುಡುಕಿ ಹುಡುಕಿ ಸಾಕಾಯ್ತು. ಆ ಜೀಪಿನ ಹೊಟ್ಟೆಯೊಳಗೈತೇನೋ ಈವಯ್ಯನ್ನ ಕೇಳಿ ನೋಡಿ ಟೀಚರಮ್ಮ" ಎನ್ನುವರು. ಆಕೆಗೆ ಜೀಪಿನ ಮೇಲೆ ನಂಬಿಕೆಯಿರಲಿಲ್ಲ. ನನಗೆ ಇತ್ತು. ನನಗೆ ಆ ಭಾನುವಾರಗಳು ಇಷ್ಟವಾಗಿದ್ದವು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಲಲಿತ ಬೆತ್ತದ ಕುರ್ಚಿಯಲ್ಲಿ ಕೂತು ಮಗ್ಗಿ ಹೇಳುವಳು, ಅವರು ಎಂಜಿನ್ನಿನೊಳಗೆ ತಲೆಯಿಟ್ಟುಕೊಂಡೇ ತಪ್ಪು ತಿದ್ದುವರು, ನಾನು ಪ್ಲಗ್ಗುಗಳಿಗೆ ಮರಳುಕಾಗದ ಉಜ್ಜುವೆ. ಗಂಡಸರ ಕೆಲಸಕ್ಕೆ ಕೈ ಹಾಕುತ್ತಾಳೆಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ ಅಂದುಕೊಂಡೆ.

ಅವರದು ಒಂದೇ ಕ್ರಮ: ಮೊದಲು ಮುಟ್ಟಬೇಕು, ಆಮೇಲೆ ಕೇಳಬೇಕು, ಆಮೇಲೆ ಬಿಚ್ಚಬೇಕು. ಕೈಗೆ ಸಿಕ್ಕ ತಕ್ಷಣ ಬಿಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ರೋಗಿ ಸುಳ್ಳು ಹೇಳ್ತಾನೆ ಟೀಚರಮ್ಮ, ಎಂಜಿನ್ ಹೇಳಲ್ಲ" ಅನ್ನುವರು. ಇನ್ನೊಂದು ಮಾತನ್ನಂತೂ ದಿನಕ್ಕೊಮ್ಮೆ ಆಡುತ್ತಿದ್ದರು: ಔಷಧ ಕೆಲಸ ಮಾಡಿತೆಂದು ಡೋಸು ಹೆಚ್ಚಿಸಬಾರದು. ಹಳ್ಳಿಯವರು ಎರಡು ದಿನದ ಮಾತ್ರೆಯನ್ನು ಒಂದೇ ಸಲ ನುಂಗಿ ಬಂದಾಗ ಅವರಿಗೆ ಬರುತ್ತಿದ್ದ ಸಿಟ್ಟು ನೋಡಬೇಕು. ಅಂಥ ಮೆತ್ತಗಿನ ಮನುಷ್ಯ ಸೀಸೆ ಕುಕ್ಕುತ್ತಿದ್ದರು.

ಎರಡು ವರ್ಷ ಜೀಪು ಓಡಿತು. ಮಂಗಳವಾರ, ಶುಕ್ರವಾರ, ಒಂದು ಸಲವೂ ತಪ್ಪಲಿಲ್ಲ. ಲಲಿತಳ ಕಾಲು ಮೆತ್ತಗೇ ಉಳಿದವು. ಹಿಡಿದು ನಿಲ್ಲಿಸಿದರೆ ಎಣಿಸಿ ಇಪ್ಪತ್ತರವರೆಗೆ ನಿಲ್ಲುವಳು. ಅಷ್ಟರಲ್ಲಿ ರೇಡಿಯೇಟರು ಸೋರಲು ಶುರುವಾಯಿತು. ಎಂಜಿನ್ನನ್ನು ತಣ್ಣಗಿಡುವ ನೀರು ತುಂಬುವ ಪೆಟ್ಟಿಗೆ ಅದು. ಒಳಗೆಲ್ಲ ಹುಲ್ಲುಕಡ್ಡಿಯಷ್ಟು ಸಣ್ಣ ಕೊಳವೆಗಳು. ಯಲಹಂಕದಲ್ಲಿ ಬೆಸುಗೆ ಹಾಕಿಸಿದರು, ಇನ್ನೊಂದು ಕಡೆ ಬಿಟ್ಟುಕೊಂಡಿತು. ಅದಕ್ಕೆ ಹಾಕಿಸಿದರೆ ಮತ್ತೊಂದು. ಬೇರೆ ರೇಡಿಯೇಟರು ಎಲ್ಲೂ ಸಿಗಲಿಲ್ಲ. ಪೆಟ್ರೋಲ್ ಡಬ್ಬದಲ್ಲಿ ನೀರು ಹೇರಿಕೊಂಡು, ಮೂರು ಮೈಲಿಗೊಮ್ಮೆ ನಿಲ್ಲಿಸಿ ಕುಡಿಸುತ್ತ ಹೋಗುತ್ತಿದ್ದರು. ಒಂದು ಸಲ ಆಸ್ಪತ್ರೆ ತಲುಪುವಷ್ಟರಲ್ಲಿ ಮಾಲೀಸಿನವರು ಎದ್ದು ಹೋಗಿದ್ದರು. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ನಾನು ಹೇಳಿದೆ. ನಮ್ಮ ಕಡೆ ಹೊಸ ಮಡಕೆ ಸೋರಿದರೆ ಯಾರೂ ಬಿಸಾಡುವುದಿಲ್ಲ. ರಾಗಿಹಿಟ್ಟು ಕದಡಿ ತೆಳ್ಳಗೆ ಅಂಬಲಿ ಕಾಯಿಸಿದರೆ, ಸೋರುವ ಕಡೆಯೇ ಹೋಗಿ ಕೂತು, ಬಿಸಿಗೆ ಒಣಗಿ, ಕಲ್ಲಾಗಿಬಿಡುತ್ತದೆ. ನಮ್ಮಮ್ಮ ಎಷ್ಟೋ ಮಡಕೆ ಹಾಗೆ ಉಳಿಸಿದ್ದಳು. "ನಿಮ್ಮ ಪೆಟ್ಟಿಗೆಯೂ ಒಂದು ಮಡಕೆ ತಾನೆ? ಕೆಳಗೆ ಬೆಂಕಿ, ಒಳಗೆ ನೀರು."

ಅವರು ನಗಲಿಲ್ಲ. ರೇಡಿಯೇಟರು ಸೋರುವ ಕಡೆಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ, "ಎಷ್ಟು ಹಿಟ್ಟು?" ಅಂದರು.

"ಒಂದು ಹಿಡಿ."

"ಹಿಡಿ ಲೆಕ್ಕ ಬೇಡ. ನಾನು ಅಳೀತೀನಿ."

ನನ್ನ ಡಬ್ಬಿಯ ರಾಗಿಹಿಟ್ಟು, ನನ್ನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿದ್ದು. ಔಷಧದ ಗ್ಲಾಸಿನಲ್ಲಿ ಸರಿಯಾಗಿ ಒಂದು ಔನ್ಸು ಅಳೆದು, ನೀರಿನಲ್ಲಿ ಕದಡಿ, ಮುಚ್ಚಳ ತೆಗೆದು ಸುರಿದರು. ಎಂಜಿನ್ ಹಾಕಿ ಕಾಲು ಗಂಟೆ ಬಿಟ್ಟರು. ತೊಟ್ಟಿಕ್ಕುತ್ತಿದ್ದ ಕಡೆಯೆಲ್ಲ ಕಂದು ಬಣ್ಣದ ಹಕ್ಕಳೆ ಕಟ್ಟಿತು. ಸೋರುವುದು ನಿಂತುಹೋಯಿತು. ಅವರು ನನ್ನ ಕಡೆ ತಿರುಗಿ ಕೈ ಮುಗಿದರು. ನನಗೆ ಆಗ ಆದ ಹೆಮ್ಮೆ ಆಮೇಲೆ ಯಾವುದಕ್ಕೂ ಆಗಿಲ್ಲ.

ಮೂರು ತಿಂಗಳು ಅದು ಹಾಗೇ ನಡೆಯಿತು. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಒಂದು ಹನಿ ಕಾಣಿಸುತ್ತಿತ್ತು, ಒಂದು ಔನ್ಸು ಹಿಟ್ಟು ಬೀಳುತ್ತಿತ್ತು. ಊರಿನವರು ಜೀಪಿಗೆ ಅಂಬಲಿ ಕುಡಿಸುವುದನ್ನು ನೋಡಲು ಬಂದರು. ಅವರ ಹೆಂಡತಿ ಒಬ್ಬರೇ, "ಮನುಷ್ಯರು ತಿನ್ನೋದನ್ನ ಕಬ್ಬಿಣಕ್ಕೆ ಹಾಕೋದಾ" ಅಂದದ್ದು.

ಲಲಿತಳಿಗೆ ಒಂಬತ್ತು ತುಂಬಿದ ಆ ಚಳಿಗಾಲದಲ್ಲಿ ಆಸ್ಪತ್ರೆಯಿಂದ ಕಾಗದ ಬಂತು. ಹೊರ ಊರಿನ ದೊಡ್ಡ ಮೂಳೆ ಡಾಕ್ಟರೊಬ್ಬರು ಒಂದೇ ದಿನಕ್ಕೆ ಬರುತ್ತಾರೆ, ಮಕ್ಕಳನ್ನು ನೋಡಿ ಆಪರೇಷನ್ನಿಗೆ ಆರಿಸುತ್ತಾರೆ, ಬೆಳಿಗ್ಗೆ ಹತ್ತರೊಳಗೆ ಮಗುವನ್ನು ಕರೆತರಬೇಕು. ಕಾಂಪೌಂಡರು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ವಾರವೆಲ್ಲ ಓಡಾಡಿದರು. ಲಲಿತಳಿಗೆ ಹೊಸ ಲಂಗ ಹೊಲಿಸಿದರು. ಹಿಂದಿನ ದಿನ ಸಂಜೆ ಜೀಪಿನ ಕೆಳಗೆ ಒಂದು ಕೈಯಗಲ ಒದ್ದೆ ಕಂಡಿತು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು: "ನಾಳೆ ಒಂದಿನ ಬಸ್ಸಿಗೋಗಿ. ಏಳೂಮುಕ್ಕಾಲಿಗೆ ಬರ್ತದೆ. ನಿಲ್ಲದಿದ್ರೆ ನಾನು ಅಡ್ಡ ಮಲಗ್ತೀನಿ ರಸ್ತೇಗೆ."

ಕಾಂಪೌಂಡರು ನನ್ನ ಮುಖ ನೋಡಿದರು. ನಾನು ಆಗ ಹಿಟ್ಟು ಸೋಸುತ್ತಿದ್ದೆ. "ಬಸ್ಸು ನಂಬಿ ಕೂತರೆ ಆಗುತ್ತಾ?" ಅಂದೆ. ಅವರು ಗ್ಲಾಸು ಎತ್ತಿ ಹಿಡಿದು, "ಒಂದ್ ಔನ್ಸು ಸಾಕಲ್ವಾ ಟೀಚರಮ್ಮ?" ಅಂದರು. ನಾನು ಅಂದೆ, "ನಾಳೆ ಕೆಡಬಾರದ ದಿನ. ಎರಡು ಹಾಕಿ."

ಅವರು ಒಂದು ಗಳಿಗೆ ತಡೆದರು. ಡೋಸಿನ ಮಾತು ಅವರ ಬಾಯಿಯ ತುದಿಗೆ ಬಂದಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಆಡಲಿಲ್ಲ. ಎರಡು ಅಳೆದು ಹಾಕಿದರು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಲಲಿತ ಬೆತ್ತದ ಕುರ್ಚಿಯಲ್ಲಿ, ನಾನು ಹಿಂದೆ ನೀರಿನ ಡಬ್ಬ ಹಿಡಿದುಕೊಂಡು. ಒಂದು ಹನಿಯೂ ಸೋರುತ್ತಿರಲಿಲ್ಲ. ಯಲಹಂಕದಲ್ಲಿ ನಿಲ್ಲಿಸಿ, ಅವರ ಕ್ರಮದಂತೆ, ಮೊದಲು ಮುಟ್ಟಿ ನೋಡಿದರು. ರೇಡಿಯೇಟರಿನ ಮೇಲುಭಾಗ ಬಿಸಿ, ಕೈ ಇಡಲಾಗದಷ್ಟು. ಕೆಳಗೆ ಮುಟ್ಟಿದರು. ಅವರ ಮುಖ ಅರಳಿತು. "ಬನ್ನಿ, ಮುಟ್ಟಿ ನೋಡಿ. ಕೆಳಗಡೆ ಎಂಗೆ ತಣ್ಣಗೈತೆ. ನಿಮ್ ರಾಗಿ ಗೆದ್ದುಬಿಡ್ತು." ನಾನೂ ಮುಟ್ಟಿದೆ. ಬಾವಿಯ ನೀರಿನಂತೆ ತಣ್ಣಗಿತ್ತು. ಇಬ್ಬರೂ ನಕ್ಕೆವು. ಹಿಟ್ಟು ಕೊಳವೆಗಳನ್ನೇ ಕಟ್ಟಿ ಬಿಸಿನೀರು ಕೆಳಗೆ ಇಳಿಯುತ್ತಲೇ ಇಲ್ಲ, ಅದಕ್ಕೇ ಅಲ್ಲಿ ತಣ್ಣಗಿದೆ ಎಂಬುದು ಅವರಂಥವರಿಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಸಂತೋಷವಾಗಿದ್ದೆವು, ಅಷ್ಟೇ.

ಹೆಬ್ಬಾಳದ ಕೆರೆ ಏರಿ ದಾಟಿ ದಿಣ್ಣೆ ಹತ್ತುವಾಗ ಎಂಜಿನ್ ಒಳಗಿಂದ ಯಾರೋ ಬಾಗಿಲು ಬಡಿದಂತೆ ಬಡಿಯಿತು. ಎರಡು ಸಲ, ಮೂರು ಸಲ. ಆಮೇಲೆ ನಿಂತಿತು. ಹ್ಯಾಂಡಲ್ ಹಾಕಿದರೆ ತಿರುಗಲಿಲ್ಲ. ಹಬೆ ಕಣ್ಣು ಕಾಣದಷ್ಟು ಎದ್ದಿತ್ತು. ಆ ಹಬೆಯಲ್ಲಿ ತಳ ಹಿಡಿದ ಅಂಬಲಿಯ ವಾಸನೆ. ನನ್ನ ಮೂಗಿಗೆ ಅದು ಬಡಿದ ಕ್ಷಣ ನನಗೆ ಎಲ್ಲ ತಿಳಿಯಿತು. ಅವರಿಗೂ ತಿಳಿಯಿತು, ಅವರು ನನ್ನ ಕಡೆ ನೋಡಲಿಲ್ಲ. ಬಾನೆಟ್ ಮುಚ್ಚಿ, ಜೋರಾಗಿ, ಯಾರೋ ಕೇಳಿದವರಿಗೆ ಉತ್ತರ ಕೊಡುವ ಹಾಗೆ, "ನೀರಿನ ಪಂಪು ಹೋಯ್ತು" ಅಂದರು.

ಲಲಿತಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯತೊಡಗಿದರು. ಸ್ವಲ್ಪ ದೂರ ನಡೆದು ಓಡತೊಡಗಿದರು. ಐವತ್ತರ ಹತ್ತಿರದ ಮನುಷ್ಯ, ಬರಿಗಾಲು, ಚಪ್ಪಲಿ ಜೀಪಿನಲ್ಲೇ ಬಿಟ್ಟಿದ್ದರು. ಹಿಂದಿನಿಂದ ಬಸ್ಸು ಬಂತು. ಚಿಕ್ಕಜಾಲದಲ್ಲಿ ನಾವು ಹತ್ತಬಹುದಾಗಿದ್ದ ಅದೇ ಬಸ್ಸು. ನಾನು ಕೈ ಅಡ್ಡ ಹಿಡಿದೆ, ಅದು ಧೂಳೆಬ್ಬಿಸಿಕೊಂಡು ಹೋಯಿತು. ಒಂದೂವರೆ ಮೈಲಿಯ ಮೇಲೆ ಜಟಕಾ ಒಂದು ಸಿಕ್ಕಿತು, ಕುದುರೆ ಕುಂಟುತ್ತಿತ್ತು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದಾಗುತ್ತ ಬಂದಿತ್ತು. ಬಾಗಿಲಲ್ಲಿದ್ದ ನರ್ಸಮ್ಮ, "ಪಟ್ಟಿ ಬರೆದಾಯ್ತಲ್ಲಪ್ಪ" ಅಂದರು, ಬೇಜಾರಿನಿಂದಲೇ ಅಂದರು. ನಾವು ಕೂತೆವು. ಮಧ್ಯಾಹ್ನ ಆ ದೊಡ್ಡ ಡಾಕ್ಟರು ಹೊರಗೆ ಬಂದಾಗ ಕಾಂಪೌಂಡರು ಕಾಲು ಹಿಡಿಯುವುದೊಂದು ಬಾಕಿ. ಡಾಕ್ಟರು ಒಳ್ಳೆಯವರು, ಅಲ್ಲೇ ಬೆಂಚಿನ ಮೇಲೆ ಲಲಿತಳ ಕಾಲು ಮಡಿಸಿ ಬಿಡಿಸಿ ನೋಡಿದರು. ಇಷ್ಟು ಚೆನ್ನಾಗಿ ಕಾಪಾಡಿದ ಕಾಲು ಈ ದಿನ ಬೇರೊಂದು ಕಾಣಲಿಲ್ಲ, ಮುಂದಿನ ಸಲ ಮೊದಲ ಹೆಸರು ಇವಳದೇ, ಅಂದರು. ಓದಲು ಬರುತ್ತಿದ್ದರೂ ಕಾಂಪೌಂಡರಿಗೆ ಆಡುವ ಇಂಗ್ಲಿಷ್ ಅಷ್ಟಾಗಿ ತಿಳಿಯದು. ನಾನು ಕನ್ನಡದಲ್ಲಿ ಹೇಳಬೇಕಾಯಿತು.

ಮುಂದಿನ ಸಲ ಎನ್ನುವುದು ಬರಲಿಲ್ಲ. ಆ ಡಾಕ್ಟರು ಮತ್ತೆ ಈ ಕಡೆ ಬರಲೇ ಇಲ್ಲ. ಎತ್ತು ಕಟ್ಟಿ ಎಳೆಸಿ ತಂದ ಜೀಪು ಹೊಂಗೆಮರದ ಕೆಳಗೆ ಹತ್ತು ತಿಂಗಳು ನಿಂತಿತು. ಬಸ್ಸಿನಲ್ಲಿ ಹೋದಷ್ಟು ಹೋದರು. ಮಂಗಳವಾರ ಸಿಕ್ಕರೆ ಶುಕ್ರವಾರ ತಪ್ಪುವುದು, ಮಳೆಗಾಲದಲ್ಲಿ ಎರಡೂ ತಪ್ಪುವುದು. ಲಲಿತಳ ಮೊಣಕಾಲು ಮೆಲ್ಲಮೆಲ್ಲಗೆ ಒಳಕ್ಕೆ ಮಡಿಸಿಕೊಂಡು ಹಾಗೇ ಕೂತುಬಿಟ್ಟವು. ಆ ಹತ್ತು ತಿಂಗಳು ಕಳೆಯುವಷ್ಟರಲ್ಲಿ ಬೇರೊಬ್ಬ ಡಾಕ್ಟರು ನೋಡಿ, ಇನ್ನು ಕುಯ್ದು ಉಪಯೋಗವಿಲ್ಲ, ಇನ್ನು ಮಾಲೀಸಿಗೂ ಬರಬೇಕಾಗಿಲ್ಲ ಅಂದರು.

ಇದು ಆಗುವ ಹೊತ್ತಿಗೆ ಜೀಪು ಮತ್ತೆ ಓಡುವ ಹಾಗಾಗಿತ್ತು. ಎಲ್ಲಿಂದಲೋ ಒಂದು ರೇಡಿಯೇಟರು ಹುಡುಕಿ ತಂದು, ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದರು. ಹೊಸದರ ಹಾಗೆ ಗುಡುಗುಡು ಅನ್ನುತ್ತಿತ್ತು. ಹೋಗುವುದಕ್ಕೆ ಊರಿರಲಿಲ್ಲ. ಭಾನುವಾರ ಬಿಳಿ ಬಟ್ಟೆ ಹಾಸುವರು, ಬಿಚ್ಚುವರು, ಒರೆಸುವರು, ಸ್ಟೆತಾಸ್ಕೋಪಿಟ್ಟು ಕೇಳುವರು, ಕಾಲು ಗಂಟೆ ಓಡಿಸಿ ಆರಿಸುವರು. ಮಾರಿಬಿಡಿ ಎಂದು ಹೆಂಡತಿ ಹೇಳಿದರೆ ಮತ್ತೆ ಬಾನೆಟ್ ಎತ್ತುವರು. ಯಾರಾದರೂ ಬಸುರಿಯನ್ನು ಸಾಗಿಸಲು ಕೇಳಿದರೆ ಈಗ ಇಲ್ಲವೆನ್ನುತ್ತಿರಲಿಲ್ಲ. ಯಾರು ಬೇಕಾದರೂ ಒಯ್ಯಬಹುದಾಗಿತ್ತು. ಲಲಿತನ ಗಾಡಿ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ನಾನು ಹೇಳಬೇಕಾಗಿತ್ತು. ದಿನಾ ಹೇಳಬೇಕೆಂದುಕೊಂಡು ಏಳುತ್ತಿದ್ದೆ. ಒಂದು ಸಂಜೆ, "ಕಾಂಪೌಂಡರೇ, ಆ ರಾಗಿ..." ಎಂದು ಶುರು ಮಾಡಿದೆ. ಅವರು ಮಾತು ಮುಗಿಸಲು ಬಿಡಲಿಲ್ಲ. ಒಳಗೆ ಹೋಗಿ ತುಕ್ಕು ಹಿಡಿದ ಒಂದು ನೀರಿನ ಪಂಪನ್ನು ತಂದು ನನ್ನ ಕೈಗಿಟ್ಟರು. "ನೋಡಿ, ಇದರ ರೆಕ್ಕೆ ಎಲ್ಲ ತಿಂದೋಗೈತೆ. ನೀರನ್ನ ತಳ್ಳೋದೆಂಗೆ? ನಿಮ್ ರಾಗಿದೇನೂ ಇಲ್ಲ. ರಾಗಿ ಇಲ್ದಿದ್ರೆ ಆ ಮೂರ್ ತಿಂಗಳೂ ಓಡ್ತಿರ್ಲಿಲ್ಲ." ನಾನು ಪಂಪನ್ನು ತಿರುಗಿಸಿ ನೋಡಿದೆ. ಎರಡು ವರ್ಷ ಆ ಎಂಜಿನ್ನನ್ನು ಒರೆಸಿದವಳು ನಾನು. ನಮ್ಮ ಜೀಪಿನ ಪಂಪಿಗೆ ಮಿಲಿಟರಿ ಹಸಿರು ಬಣ್ಣವಿತ್ತು. ಇದು ಕಪ್ಪು, ಬೇರಾವುದೋ ಗ್ಯಾರೇಜಿನ ಕಸದ ರಾಶಿಯಿಂದ ಆರಿಸಿ ತಂದದ್ದು. ನನಗೆ ತೋರಿಸಲೆಂದೇ ತಂದದ್ದು. ಸೂಜಿ ಹಾಕಿದ ಕೈಯನ್ನು ಏಳೆಂಟು ವರ್ಷ ಹೊತ್ತು ತಿರುಗಿದವರಿಗೆ, ಇನ್ನೊಬ್ಬರ ಕೈಗೆ ಅಂಥ ತಪ್ಪನ್ನು ಅಂಟಿಸಲು ಮನಸ್ಸಾಗಲಿಲ್ಲ. ನಾನು ಹೇಡಿ. "ಹೌದಲ್ಲ, ಪಂಪೇ" ಅಂದು ಅದನ್ನು ವಾಪಸು ಕೊಟ್ಟೆ.

ಅದಾದ ಮೇಲೆ ನನಗೆ ಯಶವಂತಪುರಕ್ಕೆ ವರ್ಗವಾಯಿತು. ಬಿಟ್ಟುಹೋಗಲು ಒಂದು ನೆವ ಸಿಕ್ಕಿತೆಂದು ಸಮಾಧಾನವೇ ಆಯಿತು ಅನ್ನಬೇಕು. ವರ್ಷಕ್ಕೆ ಒಂದೆರಡು ಸಲ ಹೋಗಿ ಬರುತ್ತಿದ್ದೆ. ಲಲಿತ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದಳು, ಪರೀಕ್ಷೆಯ ಹಾಲಿಗೆ ಅಪ್ಪನೇ ಹೊತ್ತುಕೊಂಡು ಹೋದರು. ಹದಿನಾರು ವರ್ಷದ ಹುಡುಗಿಯನ್ನು ಹೊತ್ತು ಮೆಟ್ಟಿಲು ಹತ್ತುವಾಗ ಅವರು ಉಸಿರುಬಿಡುವುದು ನನಗೆ ಕೇಳುತ್ತಿತ್ತು. ಯಾರಾದರೂ ಕೈ ಕೊಡಲು ಬಂದರೆ, "ಅಭ್ಯಾಸ ಐತೆ" ಅನ್ನುವರು. ಅವರ ಎದೆಗೆ ಯಾರೂ ಸ್ಟೆತಾಸ್ಕೋಪು ಇಟ್ಟಂತಿಲ್ಲ. ಅವರೂ ಯಾರಿಗೂ ಹೇಳಿದಂತಿಲ್ಲ. ಆಷಾಢದ ಒಂದು ಬೆಳಿಗ್ಗೆ ಮಗಳನ್ನು ತಂದು ಜಗುಲಿಯಲ್ಲಿ ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಹಾಗೇ ಗೋಡೆಗೆ ಒರಗಿದರಂತೆ.

ನನಗೆ ಸುದ್ದಿ ಮುಟ್ಟಿ ನಾನು ಹೋದದ್ದು ಐದನೆಯ ದಿನ. ನೆಂಟರು ಹೋಗಿದ್ದರು. ಅವರ ಹೆಂಡತಿ ನನ್ನ ಮುಖ ನೋಡಿ ಒಂದು ಸಲ ಅತ್ತು, ಕೊಡ ಎತ್ತಿಕೊಂಡು ಬಾವಿಗೆ ಹೋದರು. ಲಲಿತ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಅಪ್ಪನದೇ ಹಣೆ. ನಾನು ಹತ್ತಿರ ಕೂತೆ. ಹನ್ನೊಂದು ವರ್ಷ ನುಂಗಿಕೊಂಡದ್ದನ್ನು ಈಗಲಾದರೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡು ಬಂದಿದ್ದೆ.

"ಲಲಿತ, ಅವತ್ತು ಪಂಪು ಕೆಟ್ಟಿರಲಿಲ್ಲ."

"ಗೊತ್ತು ಟೀಚರ್" ಅಂದಳು. "ರೇಡಿಯೇಟರ್ ಬಿಚ್ಚಿದಾಗ ಅಪ್ಪನ ಬೆರಳು ಒಳಗೆ ಹೋಗ್ಲಿಲ್ಲ. ನನ್ ಬೆರಳು ಸಣ್ಣ ಅಂತ ನನ್ನ ಕೈಲೇ ಕೆರೆಸಿದ್ರು. ಎರಡು ದಿನ ಕೆರೆದೆ. ಸೀದ ಮುದ್ದೆ ಥರ ಇತ್ತು. ನಿಮಗೆ ಹೇಳಬಾರದು ಅಂತ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ರು."

ಒಂಬತ್ತು ವರ್ಷದವಳಾಗಿದ್ದಾಗಿನಿಂದಲೇ ಅವಳಿಗೆ ಗೊತ್ತಿತ್ತು. ಅದಾದ ಮೇಲೂ ದಿನಾ ಸಂಜೆ ನನ್ನ ಮುಂದೆ ಸ್ಲೇಟು ಹಿಡಿದು ಕೂತಿದ್ದಳು. ಅವಳು ನನ್ನನ್ನು ಕ್ಷಮಿಸಿದ್ದೇನೆ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ನಾನು ಕೇಳಲಿಲ್ಲ. ಹೊರಗೆ ಬಿಸಿಲು ಬಿದ್ದಿತ್ತು. ಜಗುಲಿಯ ಮೇಲೆ ಅವಳು ಕೂರುವ ಜಾಗ ಬಾಗಿಲಿನಿಂದ ಕಾಣುತ್ತಿತ್ತು.

"ಐದು ದಿನ ಆಯ್ತು ಹೊರಗೆ ಹೋಗಿ. ಅಮ್ಮಂಗೆ ಸೊಂಟ ನೋವು, ಎತ್ತಕ್ಕಾಗಲ್ಲ" ಅಂದಳು.

ನಾನು ಎದ್ದು ಅವಳ ಕಂಕುಳಿಗೆ ಕೈ ಹಾಕಿದೆ. ಅವಳು ನನ್ನ ಕುತ್ತಿಗೆಗೆ ತೋಳು ಸುತ್ತಿದಳು. ಎತ್ತಿದೆ. ಚಾಪೆಯಿಂದ ಒಂದು ಗೇಣು ಮೇಲೆ ಬಂದಳು, ನನ್ನ ಕೈ ಸೋತಿತು, ಕೂರಿಸಿಬಿಟ್ಟೆ. ಇನ್ನೊಂದು ಸಲ ಎತ್ತಿದೆ. ಆಗಲಿಲ್ಲ.

"ಬಿಡಿ ಟೀಚರ್" ಅಂದಳು. ತೋಳು ಬಿಡಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಅಂಗೈಯನ್ನೂ ನೆಲಕ್ಕೆ ಊರಿದಳು. ಅಪ್ಪ ಇದ್ದಷ್ಟು ದಿನ ಅವಳು ತೆವಳಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಕಾಲನ್ನು ಹಿಂದೆ ಎಳೆದುಕೊಳ್ಳುತ್ತ, ಮೆಲ್ಲಗೆ ಕೋಣೆ ದಾಟಿ ಹೊಸಲಿನವರೆಗೆ ಹೋದಳು. ಹೊಸಲು ಎತ್ತರವಾಗಿತ್ತು, ಅಲ್ಲಿ ತಡೆದು ಉಸಿರು ತೆಗೆದುಕೊಂಡಳು. ನಾನು ಎರಡು ಕಾಲಿನ ಮೇಲೆ ಅವಳ ಹಿಂದೆ ನಿಂತಿದ್ದೆ.